ಅಂಜುವ ಜೀವಕ್ಕೊಂದು ಮನೆ

ಬೇಟೆನಾಯಿಯನ್ನು ಮೊಲವೊಂದು ತಿರುಗಿ ಅಟ್ಟಿದ್ದನ್ನು ಕಂಡು, ಇದು ಗಂಡುಭೂಮಿಯೆಂದು ಬಗೆದು ಕೆಂಪೇಗೌಡರು ಊರು ಕಟ್ಟಿದರೆಂಬ ಐತಿಹ್ಯವನ್ನು ಬೆಂಗಳೂರಿನ ನಾವು ಕೇಳಿಯೇ ಬೆಳೆದವರು. ವಿಜಯನಗರಕ್ಕೂ ಇಂಥದೇ ಕಥೆಯಿದೆ. ರಾಜಧಾನಿಗಳಿಗೆ ನೆಲ ಆರಿಸಲು ಮೊಲದ ಧೈರ್ಯವನ್ನು ಶಕುನವಾಗಿ ಬಳಸಿಕೊಂಡ ನಾವು, ಅದರ ಅಂಜಿಕೆಯನ್ನು ಎಂದಾದರೂ ಗೌರವಿಸಿದ್ದೇವೆಯೇ? ನಮ್ಮ ಯಡಿಯೂರು ಬಡಾವಣೆಯ ಬಾಲ್ಕನಿಗಳಲ್ಲಿ, ಮಹಡಿ ಮೆಟ್ಟಿಲ ಕೆಳಗಿನ ಮೂಲೆಗಳಲ್ಲಿ ಇಟ್ಟಿರುವ ಮೊಲದ ಗೂಡುಗಳನ್ನು ಕಂಡಾಗಲೆಲ್ಲ ಈ ಪ್ರಶ್ನೆ ಏಳುತ್ತದೆ.

ಕಥೆಯ ಮೊಲ ನಮ್ಮ ಬಯಲಿನದು. ಮೈತುಂಬ ಕೂದಲು ಹೊತ್ತು, ಕಣ್ಣು ತೆರೆದುಕೊಂಡೇ ಹುಟ್ಟುವಂಥದು; ಬಿಲ ತೋಡದೆ ಓಟವನ್ನೇ ನಂಬಿದ್ದು. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಅದಕ್ಕಿದೆ, ಹಿಡಿದು ಸಾಕುವಂತಿಲ್ಲ. ನಾವು ಅಂಗಡಿಯಿಂದ ತರುವುದು ಯುರೋಪಿನ ಬಿಲವಾಸಿಗಳ ಸಂತತಿ. ಇದರ ಮರಿ ಕಣ್ಣು ಮುಚ್ಚಿ, ಬರಿಮೈಯಲ್ಲಿ, ನೆಲದೊಳಗಿನ ಕತ್ತಲಲ್ಲಿ ಹುಟ್ಟುತ್ತದೆ. ನಮಗೆ ಭಯ ಹುಟ್ಟಿಸುವ ಕತ್ತಲೆಯೇ ಇದಕ್ಕೆ ತವರು. ಹೀಗಿರುವಾಗ ನಾಲ್ಕೂ ಕಡೆ ತೆರೆದ, ಎಲ್ಲರಿಗೂ ಕಾಣುವ ಪಂಜರದಲ್ಲಿಟ್ಟು ‘ಕ್ಷೇಮವಾಗಿದೆ’ ಎಂದು ನಾವು ಹೇಳಿದರೆ, ಆ ಮಾತು ಯಾರ ಕ್ಷೇಮದ್ದು?

ಬೀಗ ಭದ್ರವಾಗಿರಬೇಕು, ಸಂಶಯವಿಲ್ಲ. ರಾತ್ರಿ ಮೋರಿಯಿಂದ ಹೆಗ್ಗಣ ಬರುತ್ತದೆ, ಕಾಂಪೌಂಡಿನ ಮೇಲೆ ಬೆಕ್ಕು ನಡೆಯುತ್ತದೆ, ತಾರಸಿಯ ಮೇಲೆ ಹದ್ದು ಸುತ್ತುತ್ತದೆ. ಕೋಳಿಗೂಡಿನ ತೆಳು ಬಲೆಯನ್ನು ಹೆಗ್ಗಣ ಕಡಿದುಹಾಕೀತು. ಗಟ್ಟಿ ತಂತಿಯ ಸಣ್ಣ ಕಣ್ಣಿನ ಜಾಲರಿಯೇ ಬೇಕು. ನಾವೂ ಕಿಟಕಿ ಬಾಲ್ಕನಿಗಳಿಗೆಲ್ಲ ಗ್ರಿಲ್ ಹಾಕಿಸಿಕೊಂಡೇ ನಿದ್ದೆ ಮಾಡುವವರಲ್ಲವೇ? ಆದರೆ ನಮ್ಮ ಗ್ರಿಲ್ಲಿನ ಚಿಲಕ ಒಳಗಿದೆ, ಮೊಲದ ಗೂಡಿನ ಚಿಲಕ ಹೊರಗಿದೆ. ಈ ಒಂದು ವ್ಯತ್ಯಾಸದಿಂದಲೇ ನಮ್ಮ ಹೊಣೆ ಶುರುವಾಗುತ್ತದೆ.

ಬೆಕ್ಕಿನ ಉಗುರನ್ನು ತಂತಿ ತಡೆದೀತು, ನೋಟವನ್ನು ತಡೆದೀತೇ? ತಲೆಯ ಎರಡು ಬದಿಗೆ ಕಣ್ಣಿರುವ ಪ್ರಾಣಿ ಮೊಲ. ಹೆಚ್ಚುಕಡಿಮೆ ಸುತ್ತಲಿನದೆಲ್ಲ ಕಾಣುತ್ತದೆ. ಎಲ್ಲವನ್ನೂ ಕಾಣುವುದು, ಎಲ್ಲಿಗೂ ಓಡಲಾರದಿರುವುದು: ಇದಕ್ಕಿಂತ ದೊಡ್ಡ ಸೆರೆ ಯಾವುದು? ಹೆದರಿಕೆಯಿಂದಲೇ ಮೊಲ ಸಾಯುವುದುಂಟು. ದೀಪಾವಳಿಯ ಪಟಾಕಿ ಸಿಡಿಯುವ ಆ ಮೂರು ರಾತ್ರಿಗಳಲ್ಲಿ ಗೂಡನ್ನು ಒಳಕೋಣೆಗೆ ಒಯ್ಯದವರು ಬೀಗವನ್ನೆಷ್ಟು ಭದ್ರಮಾಡಿ ಏನು? ಗೂಡಿನೊಳಗೆ ಒಂದು ಮರದ ಪೆಟ್ಟಿಗೆ, ಅದಿಲ್ಲದಿದ್ದರೆ ಎರಡು ಕಡೆ ಬಾಯಿ ಕೊರೆದ ರಟ್ಟಿನ ಡಬ್ಬವಾದರೂ ಇರಲಿ. ಅದರೊಳಗೆ ಹೊಕ್ಕಾಗ ನಮ್ಮ ಕಣ್ಣಿಗೆ ಮೊಲ ಬೀಳುವುದಿಲ್ಲ, ಮಕ್ಕಳಿಗೆ ಬೇಸರವಾಗುತ್ತದೆ. ಆಗಲಿ. ನಮಗೆ ಕಾಣದಿರುವ ಹಕ್ಕೂ ಸಾಕಿದ ಜೀವಕ್ಕೆ ಇರಬೇಡವೇ?

ಪಂಜರದಲ್ಲಿ ಪ್ರಾಣಿಗೆ ಚಲಿಸಲು ಸಾಕಷ್ಟು ಜಾಗವಿರಬೇಕೆಂದು 1960ರಲ್ಲೇ ಪ್ರಾಣಿಹಿಂಸೆ ತಡೆ ಕಾಯ್ದೆ ಹೇಳಿತು. ಕಾಯ್ದೆ ಉದ್ದಗಲ ಅಳೆಯಬಲ್ಲದು. ಅಂಗಾಲಿನ ನೋವನ್ನು ಅಳೆಯುವವರು ನಾವೇ. ನಾಯಿ ಬೆಕ್ಕುಗಳಂತೆ ಮೊಲಕ್ಕೆ ಪಾದದಡಿ ಮೆತ್ತೆಯಿಲ್ಲ, ಬರೀ ಕೂದಲು. ತಂತಿಯ ನೆಲದ ಮೇಲೆ ದಿನವಿಡೀ ಕೂತರೆ ಹಿಂಗಾಲು ಹುಣ್ಣಾಗುತ್ತದೆ. ಹಿಕ್ಕೆ ತಾನಾಗಿ ಕೆಳಗೆ ಬೀಳಲಿ, ತೊಳೆಯುವ ಕೆಲಸ ತಪ್ಪಲಿ ಎಂದೇ ಅಲ್ಲವೇ ನಾವು ಜಾಲರಿ ನೆಲ ಹಾಕಿಸಿದ್ದು? ಹಲಗೆಯ ಮೇಲೆ ಒಣಹುಲ್ಲು ಹಾಸಿ ದಿನಾ ಬದಲಿಸಿದರೆ ನಮಗೆ ಹತ್ತು ನಿಮಿಷದ ದುಡಿಮೆ, ಅಷ್ಟೇ. ಹಾಗೆಯೇ ಬಿಸಿಲು. ಮೊಲ ನಮ್ಮಂತೆ ಬೆವರಿ ತಣಿಯಲಾರದು, ಮುಖ್ಯವಾಗಿ ಕಿವಿಗಳಿಂದ ಮೈಯ ಬಿಸಿ ಹೊರಹಾಕಬೇಕು. ಏಪ್ರಿಲ್‌ನಲ್ಲಿ ಬೆಂಗಳೂರೇ 35 ಡಿಗ್ರಿ ಮುಟ್ಟುವಾಗ, ಪಡುವಣ ಮುಖದ ಬಾಲ್ಕನಿ ಎಂಥ ಒಲೆಯಾದೀತೆಂದು ನಾವೇ ಒಂದು ಮಧ್ಯಾಹ್ನ ಅಲ್ಲಿ ಕೂತು ನೋಡಬಹುದು.

ಇಷ್ಟಾಗಿಯೂ ಮೊಲ ದೂರುವುದಿಲ್ಲ. ಬೇಟೆಗೆ ಗುರಿಯಾಗುವ ಪ್ರಾಣಿಗಳು ನೋವನ್ನು ಬಚ್ಚಿಡುತ್ತವೆ. ನರಳಿದರೆ ಹಿಡಿಯುವವನಿಗೆ ಸುಳಿವು ಸಿಗುತ್ತದಲ್ಲ. ಬೊಗಳುವ ನಾಯಿಯ ಪ್ರೀತಿ ನಮಗೆ ಸುಲಭ, ಅದು ಕೇಳಿ ಪಡೆಯುತ್ತದೆ. ಕೇಳದವರನ್ನು ಅರಿಯುವುದು ಹೇಗೆ? ತಟ್ಟೆಯಲ್ಲಿ ಉಳಿದ ಹುಲ್ಲಿನಿಂದ, ಸಣ್ಣದಾದ ಹಿಕ್ಕೆಯಿಂದ. ಮೊಲ ಅರ್ಧ ದಿನ ಬಾಯಿ ಮುಟ್ಟಿಸದಿದ್ದರೆ ವೈದ್ಯರಲ್ಲಿಗೆ ಓಡಬೇಕು, ನಾಳೆ ನೋಡೋಣ ಎನ್ನುವಂತಿಲ್ಲ. ಅದರ ಹಲ್ಲು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತದೆ, ಕರುಳು ನಾರಿಲ್ಲದೆ ನಡೆಯದು. ಮಕ್ಕಳ ಚಿತ್ರಪುಸ್ತಕ ಕಲಿಸಿದ ಕ್ಯಾರೆಟ್ ಅದಕ್ಕೆ ಮಿಠಾಯಿಯಿದ್ದ ಹಾಗೆ. ಗಣಪತಿಗೆ ಏರಿಸುವ ಗರಿಕೆಯೇ ನಿಜವಾದ ಊಟ.

ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬಾಳುವ ಜೀವ. ಮೂರನೇ ತರಗತಿಯಲ್ಲಿ ಹಟಮಾಡಿ ತರಿಸಿದ ಮಗು ಪಿಯುಸಿ ಮುಗಿಸಿ ಸಿಇಟಿಗೆ ಕೂತಾಗಲೂ ಗೂಡು ಅಲ್ಲೇ ಇರುತ್ತದೆ. ಆಗ ‘ಪಾಪ, ಕೆರೆಯ ಪಾರ್ಕಿನ ಹುಲ್ಲಿಗೆ ಬಿಟ್ಟುಬಿಡೋಣ, ಸ್ವತಂತ್ರವಾಗಿರಲಿ’ ಎಂಬ ಮಾತು ಬರುತ್ತದೆ. ತಲೆಮಾರುಗಳಿಂದ ಮನುಷ್ಯರ ಕೈಯಲ್ಲೇ ಬೆಳೆದ ಬಿಳಿ ಮೊಲ ಬೀದಿನಾಯಿಗಳ ನಡುವೆ ಒಂದು ರಾತ್ರಿ ಕಳೆದೀತೇ? ಅದಕ್ಕಿಂತ ಮನೆಯ ಹಿರಿಯರಾದ ನಾವೇ ಅದನ್ನು ನೋಡಿಕೊಳ್ಳುವ ಸರದಿ ವಹಿಸಿಕೊಳ್ಳುವುದು ಲೇಸು. ಬೆಳಗಿನ ವಾಕಿಂಗ್ ಮುಗಿಸಿ ಬರುವಾಗ ಒಂದು ಹಿಡಿ ಗರಿಕೆ ತರಲು ಏನು ಕಷ್ಟ? ಔಷಧಿ ಹೊಡೆದ ಹುಲ್ಲಲ್ಲವಷ್ಟೇ ಎಂದು ಮಾಲಿಯನ್ನು ಕೇಳಿಕೊಂಡರಾಯಿತು.