ಸೋರೆಬುರುಡೆ ಬಿಚ್ಚಿದ ಮೇಲೆ

ನಮ್ಮ ಕನ್ನಡ ಕೂಟದ ಯುಗಾದಿಗೆ ಹೋಗಿ ಹೋಳಿಗೆಯ ಸಾಲಿನಲ್ಲಿ ನಿಂತರೆ ಸಾಕು, ಮೈಕಟ್ಟಿನ ವಿಮರ್ಶೆ ಪುಕ್ಕಟೆ ಸಿಗುತ್ತದೆ. ‘ಸ್ವಲ್ಪ ಮೈ ಬಂದಿದೆಯಲ್ರೀ’ ಎಂದೋ, ‘ಇಳಿದುಬಿಟ್ಟಿದ್ದೀರಲ್ಲ, ಹುಷಾರಾಗಿದ್ದೀರಾ?’ ಎಂದೋ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ನಾನೂ ಹಾಗೆ ಕೇಳಿದವಳೇ. ಆದರೆ ಇಂಥ ಕಣ್ಣುಗಳಿಗೆ ಹೆದರಿಯೇ ನಾನು ನಲವತ್ತು ವರ್ಷ ನೀರಿಗಿಳಿಯಲಿಲ್ಲ ಎಂಬುದು ಹೋದ ಬೇಸಿಗೆಯವರೆಗೆ ನನಗೇ ಹೊಳೆದಿರಲಿಲ್ಲ.

ಈಜು ಕಲಿತದ್ದು ತಿಪಟೂರಿನ ಹತ್ತಿರ, ಅಜ್ಜಿಮನೆಯ ತೋಟದ ಬಾವಿಯಲ್ಲಿ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮರುದಿನವೇ ಬಸ್ಸು ಹತ್ತುತ್ತಿದ್ದೆವು. ಸೋದರಮಾವ ಅಟ್ಟದಿಂದ ಎರಡು ಒಣ ಸೋರೆಬುರುಡೆ ಇಳಿಸಿ ಬೆನ್ನಿಗೆ ಬಿಗಿದು, ಸೊಂಟಕ್ಕೊಂದು ಹಗ್ಗ ಕಟ್ಟಿ, ಅದರ ಇನ್ನೊಂದು ತುದಿ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಕೈಕಾಲು ಬಡಿದಾಗಲೆಲ್ಲ ಬುರುಡೆಯೊಳಗಿನ ಬೀಜ ಗಲಗಲ ಅನ್ನುತ್ತಿತ್ತು. ಮೂರು ದಿನಕ್ಕೆ ಒಂದು ಬುರುಡೆ ಬಿಚ್ಚಿದರು. ವಾರದ ಹೊತ್ತಿಗೆ ಗಲಗಲ ಪೂರ್ತಿ ನಿಂತಿತು. ಮೇಲುನೀರು ಬೆಚ್ಚಗೆ, ಕಾಲು ಇಳಿಬಿಟ್ಟರೆ ಕೊರೆಯುವಷ್ಟು ತಣ್ಣಗೆ. ನೆತ್ತಿಯ ಬಿಸಿಲು ಬಾವಿಯೊಳಕ್ಕೆ ನೆಟ್ಟಗೆ ಬೀಳುವ ಹೊತ್ತಿಗೆ ಕಲ್ಲಿನ ಸಂದಿಯ ಪಾರಿವಾಳಗಳೂ ತೆಪ್ಪಗಿರುತ್ತಿದ್ದವು. ಅದನ್ನು ಯಾರೂ ವ್ಯಾಯಾಮ ಎನ್ನಲಿಲ್ಲ. ‘ಊಟಕ್ಕಾದರೂ ಮೇಲೆ ಬರ್ತೀರೋ ಇಲ್ವೋ’ ಎಂದು ಬೈದವರೇ ಎಲ್ಲ.

ಹದಿಮೂರಕ್ಕೆ ದೊಡ್ಡವಳಾದೆ. ಆ ಬೇಸಿಗೆ ಅಜ್ಜಿ, ‘ಇನ್ನು ಬಾವಿ ಸಾಕು ಪುಟ್ಟಿ, ಒದ್ದೆ ಬಟ್ಟೆಯಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳೋದು ಚೆನ್ನಾಗಿರಲ್ಲ’ ಎಂದರು. ನನ್ನ ತಮ್ಮ ಧುಮುಕುವ ಸದ್ದು ಹಿತ್ತಲವರೆಗೂ ಕೇಳುತ್ತಿತ್ತು. ನಾನು ಸಂಡಿಗೆ ಕಾಯುತ್ತ ಕೂತಿದ್ದೆ.

ಮುಂದೆ ಶಿಕಾಗೋ ಬಳಿಯ ನೇಪರ್‌ವಿಲ್‌ಗೆ ಬಂದು ನೆಲೆಯಾದೆವು. ಮಗಳ ಮದುವೆ ಗೊತ್ತಾದ ವರ್ಷ, ರವಿಕೆಗೆ ಅಳತೆ ಕೊಡುವ ಮುಂಚೆ ಸಣ್ಣಗಾಗಬೇಕೆಂದು ಜಿಮ್ ಸೇರಿದೆ. ಅಲ್ಲಿ ನಾಲ್ಕು ಗೋಡೆಗೂ ಕನ್ನಡಿ. ಓಡಿದಷ್ಟೂ ನನ್ನನ್ನೇ ನೋಡಿಕೊಳ್ಳಬೇಕು, ನೋಡಿಕೊಂಡಷ್ಟೂ ಬೇಜಾರು. ಮದುವೆ ಮುಗಿಯಿತು, ಜಿಮ್ಮೂ ಮುಗಿಯಿತು. ರವಿಕೆ ಈಗ ಯಾವ ಪೆಟ್ಟಿಗೆಯಲ್ಲಿದೆಯೋ.

ನಮ್ಮವರ ಕತೆ ಬೇರೆ. ನುಗ್ಗೆಕಾಯಿಯಂಥ ಮೈ. ‘ನಿಮಗೇನು ಬಿಡಿ’ ಎಂದೇ ಎಲ್ಲರೂ ಹೇಳುತ್ತಿದ್ದರು. ಸಕ್ಕರೆ ಕಾಯಿಲೆ ಮೊದಲು ಬಂದದ್ದು ಅವರಿಗೆ. ದಕ್ಷಿಣ ಏಷ್ಯಾ ಮೂಲದವರ ಹೃದಯದ ಆರೋಗ್ಯವನ್ನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲೂ ನಮ್ಮ ಶಿಕಾಗೋದಲ್ಲೂ 2010ರಿಂದ ಗಮನಿಸುತ್ತಿರುವ ಒಂದು ಅಧ್ಯಯನವಿದೆ. ಹೆಸರು, ನಂಬಿ, ‘ಮಸಾಲಾ’! ಮೊದಲ ಸುತ್ತಿನಲ್ಲಿ 906 ಜನ ಸೇರಿದ್ದರು. ತೂಕ ಹೆಚ್ಚಿಲ್ಲದಿದ್ದರೂ ದಕ್ಷಿಣ ಏಷ್ಯಾದವರ ಯಕೃತ್ತಿನಲ್ಲಿ, ಕರುಳಿನ ಸುತ್ತ ಕೊಬ್ಬು ಕೂರುತ್ತದೆ, ಸಕ್ಕರೆ ಕಾಯಿಲೆಯೂ ಹೆಚ್ಚು ಎಂಬುದು ಅದರಲ್ಲಿ ಕಂಡಿತು. ಅಂದರೆ ಹೋಳಿಗೆ ಸಾಲಿನ ವಿಮರ್ಶಕರಿಗೆ ಕಾಣುವುದು ಒಂದು, ಒಳಗೆ ನಡೆಯುವುದು ಇನ್ನೊಂದು. ಸಣ್ಣಗಿರುವುದನ್ನೇ ಆರೋಗ್ಯವೆಂದು ನಂಬಿ ನಮ್ಮವರು ಇಪ್ಪತ್ತು ವರ್ಷ ಕುರ್ಚಿ ಬಿಟ್ಟು ಏಳಲಿಲ್ಲ. ದಪ್ಪಗಿದ್ದೇನೆಂಬ ನಾಚಿಕೆಯಲ್ಲಿ ನಾನು ಮನೆ ಬಿಟ್ಟು ಏಳಲಿಲ್ಲ.

ಹೋದ ವರ್ಷ ಮಂಡಿ ನೋವು ಹೆಚ್ಚಾದಾಗ ವೈದ್ಯೆ ಹೇಳಿದರು, ನೀರಿನಲ್ಲಿ ನಡೆಯಿರಿ ಎಂದು. ಸೊಂಟದವರೆಗಿನ ನೀರಿನಲ್ಲಿ ಕಾಲಿನ ಮೇಲೆ ಬೀಳುವ ಮೈಭಾರ ಅರ್ಧದಷ್ಟಾಗುತ್ತದೆ. ಕತ್ತಿನವರೆಗೆ ಇಳಿದರೆ ಹತ್ತರಲ್ಲಿ ಒಂದು ಪಾಲು. ವಾರಕ್ಕೆ 150 ನಿಮಿಷವಾದರೂ ಮೈ ಆಡಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದಂತಲ್ಲ, ಅದನ್ನೂ ಹೇಳಿದರು. ತೂಕದ ಮಾತನ್ನು ಎತ್ತಲೇ ಇಲ್ಲ. ಆ ಕಾರಣಕ್ಕೇ ನಾನು ಹೊರಟೆ ಎನ್ನಬಹುದು.

ನೇಪರ್‌ವಿಲ್‌ನ ಸೆಂಟೆನಿಯಲ್ ಬೀಚ್ ಮೊದಲು ಸುಣ್ಣಕಲ್ಲಿನ ಗಣಿಯಾಗಿತ್ತು. ಊರಿಗೆ ನೂರು ತುಂಬಿದ 1931ರಲ್ಲಿ ಅದನ್ನು ಊರಿನವರ ಈಜಿಗೆಂದು ಕೊಂಡರು. ಒಂದು ಕಡೆ ಪಾದ ನೆನೆಯುವಷ್ಟೇ ನೀರು. ಹೋಗುತ್ತ ಹೋಗುತ್ತ 15 ಅಡಿ ಆಳ. ತೋಳು, ಕಾಲು ಮುಚ್ಚುವ ಈಜುಡುಗೆಯ ಮೇಲೆ ಟವೆಲ್ ಸುತ್ತಿಕೊಂಡು ದಡದಲ್ಲೇ ಕಾಲು ಗಂಟೆ ನಿಂತೆ. ಪಕ್ಕದಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಊರುಗೋಲನ್ನು ಬೇಲಿಗೆ ಒರಗಿಸಿ, ತೊಡೆಯ ನೀಲಿ ನರಗಳನ್ನು ಯಾರಿಂದಲೂ ಮರೆಮಾಡದೆ, ಸಂತೆಗೆ ಹೊರಟವರಂತೆ ನೀರಿಗಿಳಿದು ಹೋದರು. ಸುತ್ತ ನೋಡಿದೆ. ಅವರನ್ನೂ ಯಾರೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಎಲ್ಲರಿಗೂ ಸೆಖೆ.

ಕತ್ತಿನವರೆಗೆ ಹೋದ ಮೇಲೆ ಕಾಲು ತಾನಾಗಿ ನೆಲ ಬಿಟ್ಟಿತು. ಉಸಿರು ಎರಡು ನಿಮಿಷಕ್ಕೇ ಸೋತಿತು, ಕೈಗಳಿಗೆ ಮಾತ್ರ ಎಲ್ಲ ನೆನಪಿತ್ತು. ಮೇಲುನೀರು ಬೆಚ್ಚಗೆ, ಕೆಳಗೆ ತಣ್ಣಗೆ. ಅಂಗಾತ ತೇಲಿ ಕಿವಿ ಮುಳುಗಿಸಿದಾಗ ಮಕ್ಕಳ ಗಲಾಟೆ ಎಲ್ಲೋ ದೂರಾಗಿ, ನನ್ನ ಉಸಿರೊಂದೇ ದೊಡ್ಡದಾಗಿ ಕೇಳಿತು.

ಆಮೇಲೆ ವಾರಕ್ಕೆ ಮೂರು ಸಂಜೆ ಹೋದೆ. ನೋವು ಪೂರ್ತಿ ಹೋಗಿಲ್ಲ. ಮೆಟ್ಟಿಲು ಇಳಿಯುವಾಗ ಈಗಲೂ ಕಂಬಿಯ ಆಸರೆ ಬೇಕು. ನಿದ್ದೆ ಮಾತ್ರ ಬಾವಿಯ ಕಾಲದ ನಿದ್ದೆ. ತೂಕ ಎಷ್ಟು ಇಳಿಯಿತೆಂದು ಕೇಳಬೇಡಿ, ತಕ್ಕಡಿ ಹತ್ತಿಲ್ಲ. ಆಗಸ್ಟ್‌ನಲ್ಲಿ ನಮ್ಮವರೂ ಪ್ಯಾಂಟು ಮಡಿಚಿಕೊಂಡು ಮಂಡಿಯುದ್ದದ ನೀರಿಗೆ ಬಂದರು. ‘ಈಜು ಬರಲ್ಲ ಕಣೇ.’ ‘ಬೆನ್ನಿಗೆ ಬುರುಡೆ ಕಟ್ತೀನಿ ಬನ್ರೀ’ ಎಂದೆ. ಅಮೆಜಾನ್‌ನಲ್ಲಿ ಸೋರೆಬುರುಡೆ ಸಿಗುತ್ತದೆಯೇ ಎಂದು ಅವತ್ತು ರಾತ್ರಿ ಹುಡುಕಿಯೂ ನೋಡಿದೆ.

ಎಂಟು ಗಂಟೆಯಾದರೂ ಬೆಳಕು ಆರಿರಲಿಲ್ಲ. ಕಾರಿನ ಡಿಕ್ಕಿ ತೆರೆದು ಕೂತು, ಸುಕ್ಕುಗಟ್ಟಿದ ಬೆರಳುಗಳಲ್ಲೇ ಇಬ್ಬರೂ ಡಬ್ಬಿಯ ಚಿತ್ರಾನ್ನ ತಿಂದೆವು. ನನಗೆ ಅದು ಸಾಲಲಿಲ್ಲ.