ದುಡ್ಡು ಕೊಟ್ಟವರಿಗೇ ಬೀಗ

2008ರ ಸೆಪ್ಟೆಂಬರ್‌ನಲ್ಲಿ ‘ಸ್ಪೋರ್’ ಎಂಬ ಕಂಪ್ಯೂಟರ್ ಆಟ ಮಾರುಕಟ್ಟೆಗೆ ಬಂತು. ‘ಸಿಮ್‌ಸಿಟಿ’ ರೂಪಿಸಿದ ವಿಲ್ ರೈಟ್ ಅವರ ಆಟ; ಒಂದು ಜೀವಕೋಶದಿಂದ ಶುರುವಾಗಿ ಬಾಹ್ಯಾಕಾಶದವರೆಗೆ ಕರೆದೊಯ್ಯುವಂಥದ್ದು. ಜನ ವರ್ಷಗಟ್ಟಲೆ ಕಾದಿದ್ದರು. ಆದರೆ ಕೆಲವೇ ದಿನಗಳಲ್ಲಿ ಅಮೆಜಾನ್‌ನಲ್ಲಿ ಸಾವಿರಾರು ಮಂದಿ ಅದಕ್ಕೆ ಒಂದೇ ಒಂದು ಸ್ಟಾರ್ ಕೊಟ್ಟು ಸಿಟ್ಟು ತೀರಿಸಿಕೊಂಡರು. ಅವರನ್ನು ಕೆರಳಿಸಿದ್ದು ಆಟದ ಜತೆ ಬಂದ ಸೆಕ್ಯುರಾಮ್ ಎಂಬ ನಕಲುತಡೆ ತಂತ್ರಾಂಶ.

ಕೊಂಡ ಆಟವನ್ನು ಮೂರೇ ಬಾರಿ ಆಕ್ಟಿವೇಟ್ ಮಾಡಬಹುದಿತ್ತು. ಕಂಪ್ಯೂಟರ್ ಬದಲಿಸಿದರೆ ಒಂದು ಖರ್ಚಾಯಿತು. ಮೂರೂ ಮುಗಿದರೆ ಆಟ ಹೊರತಂದ ಇಎ ಕಂಪನಿಗೆ ಫೋನ್ ಮಾಡಿ ಕೇಳಿಕೊಳ್ಳಬೇಕಿತ್ತು. ಕದ್ದವರಿಗೆ ಈ ಯಾವ ತಾಪತ್ರಯವೂ ಇರಲಿಲ್ಲ. ಬೀಗ ಮುರಿದ ಪ್ರತಿ ಬಿಡುಗಡೆಗೆ ಮೊದಲೇ ಇಂಟರ್‌ನೆಟ್‌ನಲ್ಲಿ ಹರಿದಾಡುತ್ತಿತ್ತು. ಗಲಾಟೆ ಜೋರಾದ ಮೇಲೆ ಕಂಪನಿ ಮೂರನ್ನು ಐದಕ್ಕೆ ಏರಿಸಿತು.

ಕಳ್ಳತನವನ್ನು ನಾನು ಸಮರ್ಥಿಸುವುದಿಲ್ಲ. ವರ್ಷಗಟ್ಟಲೆ ದುಡಿದವರಿಗೆ ಪ್ರತಿಫಲ ಬೇಡವೇ? ಬೀಗವೆಂದರೆ ಆಟಗಾರರಿಗೆ ಮೊದಲಿಂದಲೂ ಆಗಿಬರುವುದಿಲ್ಲ ಎಂಬ ಮಾತನ್ನೂ ಒಪ್ಪಲಾರೆ. 1990ರ ‘ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್’ ಆಟದ ಡಬ್ಬಿಯಲ್ಲಿ ಒಂದು ರಟ್ಟಿನ ಚಕ್ರ ಇರುತ್ತಿತ್ತು. ಪರದೆಯ ಮೇಲೆ ಕಡಲ್ಗಳ್ಳನೊಬ್ಬನ ಮುಖ ಮೂಡಿ, ಇಂಥ ಊರಲ್ಲಿ ಇವನನ್ನು ಗಲ್ಲಿಗೇರಿಸಿದ್ದು ಯಾವಾಗ ಎಂಬ ಪ್ರಶ್ನೆ ಬರುತ್ತಿತ್ತು. ಚಕ್ರ ತಿರುಗಿಸಿ ಮೇಲಿನ ಅರ್ಧ ಮುಖಕ್ಕೆ ಕೆಳಗಿನ ಅರ್ಧ ಹೊಂದಿಸಿದರೆ ಆ ಊರಿನ ಕಿಂಡಿಯಲ್ಲಿ ಇಸವಿ ಕಾಣುತ್ತಿತ್ತು. ಅದೂ ನಕಲುತಡೆಯೇ. ಆದರೂ ಹಳೆಯ ಆಟಗಾರರು ಅದನ್ನು ಇಂದಿಗೂ ಅಕ್ಕರೆಯಿಂದ ನೆನೆಯುತ್ತಾರೆ. ಕೀಲಿಕೈ ಅವರ ಕೈಯಲ್ಲೇ ಇತ್ತು. ಆಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಈಗಿನ ಬೀಗಗಳ ಕೀಲಿಕೈ ಬೇರೆಯವರ ಹತ್ತಿರ ಇರುತ್ತದೆ. 2015ರಲ್ಲಿ ಬಂದ ವಿಂಡೋಸ್ 10, ಭದ್ರತೆಯ ಕಾರಣಕ್ಕೆ ಸೇಫ್‌ಡಿಸ್ಕ್ ಎಂಬ ಇನ್ನೊಂದು ನಕಲುತಡೆಯನ್ನೂ ಸೆಕ್ಯುರಾಮ್‌ನ ಹಳೆಯ ಆವೃತ್ತಿಗಳನ್ನೂ ಓಡಗೊಡಲಿಲ್ಲ. ಅಂಗಡಿಯಲ್ಲಿ ದುಡ್ಡು ತೆತ್ತು ತಂದ, ಒಂದು ಗೀರೂ ಬೀಳದ ಎಷ್ಟೋ ಡಿಸ್ಕ್‌ಗಳು ಕೆಲಸಕ್ಕೆ ಬಾರದಾದವು. ಆ ಆಟ ಮತ್ತೆ ಆಡಬೇಕೆನಿಸಿದರೆ ಹೊಸದಾಗಿ ಕೊಳ್ಳಬೇಕು, ಇಲ್ಲವೇ ಬೀಗ ಮುರಿಯುವ ಕ್ರ್ಯಾಕ್ ಹುಡುಕಬೇಕು. ಪ್ರಾಮಾಣಿಕ ಗಿರಾಕಿಯನ್ನು ಕಳ್ಳರ ಬಾಗಿಲಿಗೆ ಕಳಿಸುವ ಈ ಏರ್ಪಾಡು ಶುದ್ಧ ಅನ್ಯಾಯ.

ಹೊಸ ಆಟಕ್ಕೆ ಮೊದಲ ಕೆಲವು ವಾರಗಳಲ್ಲೇ ಭರ್ಜರಿ ವ್ಯಾಪಾರ, ಆಗ ಕಾವಲು ಬೇಕು ಎಂಬ ಕಂಪನಿಗಳ ವಾದದಲ್ಲಿ ಹುರುಳಿದೆ. 2016ರ ಮೇ ತಿಂಗಳಲ್ಲಿ ಬಂದ ‘ಡೂಮ್’ ಆಟಕ್ಕೆ ಡೆನುವೊ ಎಂಬ ಬೀಗ ಹಾಕಿದ್ದರು. ಡಿಸೆಂಬರ್ ಹೊತ್ತಿಗೆ ಅದನ್ನು ತೆಗೆದರು. ಆಟ ಇವತ್ತಿಗೂ ಮಾರಾಟದಲ್ಲಿದೆ. ಉಳಿದವರೂ ಹಾಗೇ ಮಾಡಲಿ. ಬೀಗ ಯಾವ ತಿಂಗಳು ತೆಗೆಯುತ್ತೇವೆ ಎಂಬುದನ್ನು ಬೆಲೆಯ ಪಕ್ಕದಲ್ಲೇ ಬರೆದು ಮಾರಲಿ.