ಕೋರೆಗಾಂವದ ಕಂಬ ಮತ್ತು ನಾವು

ಜನವರಿ ಒಂದರಂದು ಹಿಂಜವಾಡಿಯ ಕಂಪನಿಗಳಲ್ಲಿ ನಾವು ಹೊಸ ವರ್ಷದ ಶುಭಾಶಯ ಹೇಳಿಕೊಳ್ಳುತ್ತಿರುವ ಹೊತ್ತಿಗೆ, ಪುಣೆಯ ಆಚೆ ಬದಿಯಲ್ಲಿ ಲಕ್ಷಾಂತರ ಜನ ಭೀಮಾತೀರದ ಕೋರೆಗಾಂವಕ್ಕೆ ಹೊರಟಿರುತ್ತಾರೆ. ಅಲ್ಲಿರುವುದು ಒಂದು ಕಲ್ಲಿನ ಕಂಬ. ಅನ್ನ ಅರಸಿ ಈ ಊರಿಗೆ ಬಂದ ನಮ್ಮಲ್ಲಿ ಬಹುಮಂದಿಗೆ ಅದರ ಹೆಸರು ಕಿವಿಗೆ ಬಿದ್ದದ್ದೇ 2018ರಲ್ಲಿ. ಯುದ್ಧದ ಇನ್ನೂರನೆಯ ವರ್ಷಾಚರಣೆಯ ದಿನ ಗಲಭೆಯಾಗಿ ಒಬ್ಬ ಯುವಕ ಪ್ರಾಣ ಕಳೆದುಕೊಂಡಾಗ. ಜನವರಿ 3ರ ಬಂದ್ ಮುಗಿಯಿತು, ನಾವೂ ಮರೆತೆವು.

1818ರ ಜನವರಿ 1ರಂದು ಕ್ಯಾಪ್ಟನ್ ಸ್ಟಾಂಟನ್ನನ ಕೈಕೆಳಗಿದ್ದ ಸುಮಾರು 800 ಮಂದಿಯ ಕಂಪನಿ ಪಡೆ, ಎರಡನೆಯ ಬಾಜೀರಾಯ ಪೇಶ್ವೆಯ ದೊಡ್ಡ ಸೈನ್ಯದೆದುರು ಊರನ್ನು ಬಿಟ್ಟುಕೊಡದೆ ಹಗಲಿಡೀ ಕಾದಿತು. ಕಂಪನಿ ಸರ್ಕಾರ ತನ್ನ ಹೆಮ್ಮೆಗೆಂದು ಕಂಬ ನಿಲ್ಲಿಸಿತು. ಅದರ ಮೇಲೆ ಕೆತ್ತಿರುವ 49 ಹೆಸರುಗಳಲ್ಲಿ 22 ಹೆಸರುಗಳು ‘ನಾಕ್’ ಎಂದು ಮುಗಿಯುತ್ತವೆ; ಅವರು ಮಹಾರ ಸಿಪಾಯಿಗಳು. ಉಳಿದವರಲ್ಲಿ ಮರಾಠರೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ. ಪೇಶ್ವೆಯ ಕಡೆಯಿಂದ ಊರೊಳಗೆ ನುಗ್ಗಿದವರಲ್ಲಿ ಅರಬರು ಬಹಳವಿದ್ದರು. ಯಾವ ಜಾತಿ, ಯಾವ ದೇಶದವರು ಯಾರ ಕಡೆ ಎಂದು ಗೆರೆ ಎಳೆಯಹೊರಟವರಿಗೆ ಈ ಯುದ್ಧ ಒದಗುವಂಥದ್ದಲ್ಲ.

1927ರ ಜನವರಿ 1ರಂದು ಡಾ. ಅಂಬೇಡ್ಕರರು ಅಲ್ಲಿಗೆ ಬಂದರು. ಕಂಬದಲ್ಲಿ ಯಾರ ಹೆಸರುಗಳಿದ್ದವೋ ಅವರ ಕುಲದವರನ್ನು ಬ್ರಿಟಿಷರು 1890ರ ದಶಕದಿಂದ ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದ್ದರು. (ಮಹಾರ್ ರೆಜಿಮೆಂಟ್ ಕಟ್ಟಿದ್ದು 1941ರಲ್ಲಿ, ನಮ್ಮ ಬೆಳಗಾವಿಯಲ್ಲಿ. ನಮ್ಮಲ್ಲಿ ಬೆಳಗಾವಿಯವರಿಗೂ ಇದು ಗೊತ್ತಿಲ್ಲವೆಂಬುದು ಸೋಜಿಗ.) ಪೇಶ್ವೆಯ ಆಳ್ವಿಕೆಯಲ್ಲಿ ಊರ ಹೊರಗಿಟ್ಟ ಜನ, ಕಂಪನಿಯ ವಿಜಯಸ್ತಂಭವನ್ನು ತಮ್ಮ ಮಾನದ ಕಂಬವನ್ನಾಗಿ ಮಾಡಿಕೊಂಡರು. ಕಲ್ಲು ಅದೇ, ಅದರ ಮುಂದೆ ನಿಂತವರು ಬೇರೆ.

‘ಪರದೇಶದವರ ಪರ ಕಾದಿದ್ದನ್ನು ಹಬ್ಬ ಮಾಡುವುದೆ?’ ಎಂಬ ಮಾತು ನಮ್ಮ ಸೊಸೈಟಿಗಳ ಕಟ್ಟೆಯ ಮೇಲೂ ಕೇಳಿಬರುತ್ತದೆ. ಕೇಳುವವರು 1790ನ್ನು ಮರೆತಿರುತ್ತಾರೆ. ಆ ವರ್ಷ ಇದೇ ಪುಣೆಯಲ್ಲಿ ಪೇಶ್ವೆಯ ದರ್ಬಾರು ಟಿಪ್ಪುವಿನ ವಿರುದ್ಧ ಇದೇ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು, ನಿಜಾಮನೂ ಜೊತೆಗೂಡಿದ. ದೊರೆಗಳು ಮಾಡಿದರೆ ರಾಜನೀತಿ, ಸಂಬಳದ ಸಿಪಾಯಿ ಮಾಡಿದರೆ ದ್ರೋಹ ಎನ್ನುವ ತಕ್ಕಡಿಯನ್ನು ನಾವು ಒಪ್ಪಲಾರೆವು. ಹೊಟ್ಟೆಪಾಡಿಗಾಗಿ ಕಂಪನಿ ಬದಲಿಸುವ ನಾವಂತೂ ಒಪ್ಪಬಾರದು!

ಆ ಯುದ್ಧದಲ್ಲಿಯೇ, 1791ರಲ್ಲಿ, ಮರಾಠಾ ಸೈನ್ಯದ ಸವಾರರು ಶೃಂಗೇರಿಯ ಮಠವನ್ನು ಸೂರೆಮಾಡಿದರು. ಮಠಕ್ಕೆ ನೆರವಾದವನು ಟಿಪ್ಪು. ಅವನು ಸ್ವಾಮಿಗಳಿಗೆ ಬರೆದ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಇದನ್ನು ನಾವು ಉತ್ಸಾಹದಿಂದ ಹೇಳುತ್ತೇವೆ. ಆದರೆ ಅದೇ ಟಿಪ್ಪುವಿನ ಹೆಸರನ್ನು ಕೊಡಗಿನಲ್ಲಿ ಎತ್ತಿ ನೋಡಿ, ಮೇಲುಕೋಟೆಯ ಅಯ್ಯಂಗಾರರ ಮನೆಯಲ್ಲಿ ಎತ್ತಿ ನೋಡಿ. ‘ನಾವು ಕನ್ನಡಿಗರು’ ಎನ್ನುವುದರೊಳಗೇ ನೆನಪುಗಳು ಒಂದಾಗಿಲ್ಲ. ಒಂದಾಗಲೇಬೇಕೆಂಬ ಹಟವೂ ಬೇಡ. ಶೃಂಗೇರಿಯ ಸೂರೆಯನ್ನು ಮರೆಯಬೇಕಾಗಿಲ್ಲ. ಎದುರುಮನೆಯ ಕುಳಕರ್ಣಿಯವರ ಮೇಲೆ ಅದರ ಬಾಕಿ ಹೊರಿಸಬೇಕಾಗಿಯೂ ಇಲ್ಲ. ನೋವು ತಿಂದವರು ಎದುರಿಗೆ ಕುಳಿತಿದ್ದಾಗ ಹೇಳಲಾಗದ ಶೌರ್ಯದ ಕತೆಯಲ್ಲಿ ಏನನ್ನೋ ಬಿಟ್ಟಿದ್ದೇವೆ ಎಂದೇ ನಮಗೆ ತೋರುತ್ತದೆ.

ಇದು ಬರಿಯ ತರ್ಕವಲ್ಲ. ನಮ್ಮ ಮಕ್ಕಳು ಇಲ್ಲಿನ ಶಾಲೆಯಲ್ಲಿ ಶಿವಾಜಿ ಮಹಾರಾಜರ ಪಾಠ ಓದುತ್ತಾರೆ, ರಜೆಯಲ್ಲಿ ಅಜ್ಜಿಯ ಊರಿಗೆ ಹೋಗಿ ಕಿತ್ತೂರ ಚೆನ್ನಮ್ಮನ ಕತೆ ಕೇಳುತ್ತಾರೆ, ಪಕ್ಕದ ಬೆಂಚಿನ ಗೆಳೆಯ ಜನವರಿ ಒಂದಕ್ಕೆ ಕೋರೆಗಾಂವಕ್ಕೆ ಹೋಗಿಬಂದಿರುತ್ತಾನೆ. ‘ಆ ಯುದ್ಧದಲ್ಲಿ ನಮ್ಮವರು ಯಾರ ಕಡೆ ಇದ್ದರು?’ ಎಂದು ಅವರು ಒಂದಲ್ಲ ಒಂದು ದಿನ ಕೇಳಿಯಾರು. ಆಗ ಮೈಸೂರಿನ ಸಿಲ್ಹೇದಾರ ಕುದುರೆಪಡೆಯ ಸಂಗತಿಯನ್ನೂ ಹೇಳಬೇಕಾಗುತ್ತದೆ: ಕೋರೆಗಾಂವಕ್ಕೆ ಹನ್ನೊಂದು ದಿನ ಮೊದಲು, 1817ರ ಡಿಸೆಂಬರ್ 21ರಂದು, ದೂರದ ಮಾಳವದ ಮಹಿದಪುರದಲ್ಲಿ ಅವರು ಹೋಳ್ಕರರ ಸೈನ್ಯದ ಮೇಲೆ ಕಾದಿದರು, ಕಂಪನಿಯ ಪರವಾಗಿ.